ಟ್ಯಾಂಕ್ ಬಂದ್ವು, ತಹಶೀಲ್ದಾರ್ರು ಯಾವಾಗ ಬಂದ್ರು?

ನಮ್ಮ ಕಲಬುರಗಿ ಕಡೆ ಹಿರಿಯರ ವಯಸ್ಸು ಕೇಳಿ ನೋಡಿ. ಇಸವಿ ಹೇಳೋರು ಕಡಿಮೆ. "ಪೊಲೀಸ್ ಆಕ್ಷನ್ ಆದಾಗ ನಾ ಇಷ್ಟುದ್ದ ಇದ್ದೆ ನೋಡಪ್ಪ" ಅಂತ ಕೈ ಅಡ್ಡ ಹಿಡಿದು ಎತ್ತರ ತೋರಿಸ್ತಾರೆ. ಕಾಲವನ್ನು ಅಳೆಯೋಕೆ ಅವರಿಗೆ ಆ ಎರಡು ಪದ ಸಾಕು. ಆದರೆ ಆ ಎರಡು ಪದಗಳನ್ನು ಬಿಡಿಸಿ ನೋಡಿದರೆ ಒಂದು ವಿಚಿತ್ರ ಕಾಣುತ್ತೆ. ಅವತ್ತು ಬಂದದ್ದು ಪೊಲೀಸರಲ್ಲ. ಭಾರತೀಯ ಸೇನೆಯ ಒಂದನೇ ಆರ್ಮರ್ಡ್ ಡಿವಿಷನ್. ಟ್ಯಾಂಕು, ಫಿರಂಗಿ, ಮೇಲೆ ವಿಮಾನ. ಹೆಸರಿನಲ್ಲಿದ್ದ ಪೊಲೀಸರು ನೆಲದ ಮೇಲೆ ಯಾವಾಗ ಬಂದ್ರು, ಎಷ್ಟು ಬಂದ್ರು, ಬರೋ ತನಕ ಊರುಗಳಲ್ಲಿ ಏನಾಯ್ತು ಅನ್ನೋದನ್ನ ನಾವು ಕೇಳುವುದೇ ಇಲ್ಲ.

ಈ ಬರಹದ ತಕರಾರು ಇದರ ಬಗ್ಗೆಯೇ. 1948ರ ಸೆಪ್ಟೆಂಬರಿನ ಕಥೆಯನ್ನು ಪುಸ್ತಕಗಳು ಹೇಗೆ ಹೇಳಿವೆ, ಭಾಷಣಗಳು ಹೇಗೆ ಹೇಳ್ತಿವೆ, ನಮ್ಮ ಫ್ಯಾಮಿಲಿ ಗ್ರೂಪುಗಳಲ್ಲಿ ಪ್ರತಿ ವರ್ಷ ಓಡಾಡುವ ವಿಡಿಯೋಗಳು ಹೇಗೆ ಹೇಳ್ತಿವೆ ಅಂತ ನೋಡಿದರೆ, ಎಲ್ಲದರಲ್ಲೂ ಐದು ದಿನ ತುಂಬಿಕೊಂಡಿದೆ. ಅದರ ನಂತರದ ಮೂರೂವರೆ ವರ್ಷ ಕಾಣೆಯಾಗಿದೆ. ಖೂಬಾ ಪ್ಲಾಟು, ಸೂಪರ್ ಮಾರ್ಕೆಟು ಅಂತ ಓಡಾಡಿ ಬೆಳೆದು, ಈಗ ಬೆಂಗಳೂರಲ್ಲೋ ಪುಣೆಯಲ್ಲೋ ಲ್ಯಾಪ್‌ಟಾಪ್ ಮುಂದೆ ಕೂತಿರುವ ನಮ್ಮ ತಲೆಮಾರಿಗೆ ಸಿಕ್ಕಿರುವುದು ಈ ಅರ್ಧ ಕಥೆ ಮಾತ್ರ.

ಮೊದಲು ಐದು ದಿನದ್ದು ಬೇಗ ಮುಗಿಸೋಣ, ಅದು ಎಲ್ಲರಿಗೂ ಗೊತ್ತಿರುವುದೇ. 1947ರ ನವೆಂಬರ್ 29ರಂದು ನಿಜಾಮರು ಭಾರತ ಸರ್ಕಾರದ ಜೊತೆ ಯಥಾಸ್ಥಿತಿ ಒಪ್ಪಂದ ಮಾಡಿಕೊಂಡರು. ಅದು ನಿಲ್ಲಲಿಲ್ಲ. ಲಾತೂರಿನ ವಕೀಲ ಖಾಸಿಂ ರಜ್ವಿಯ ರಜಾಕಾರರು ಹಳ್ಳಿಗಳ ಮೇಲೆ ಬಿದ್ದರು. ಬಸವಕಲ್ಯಾಣದ ಹತ್ತಿರದ ಗೋರಟಾದಲ್ಲಿ 1948ರ ಮೇನಲ್ಲಿ ನಡೆದ ಹತ್ಯಾಕಾಂಡದ ನೆನಪು ಬೀದರ್ ಸೀಮೆಯಲ್ಲಿ ಇವತ್ತಿಗೂ ಹಸಿಯಾಗಿದೆ. ಸಾವಿರಾರು ಜನ ಗಡಿ ದಾಟಿ ಸೊಲ್ಲಾಪುರ, ಬಿಜಾಪುರದ ಕಡೆ ಓಡಿದರು. ಸೆಪ್ಟೆಂಬರ್ 13ರಂದು ಸೇನೆ ನುಗ್ಗಿತು. ಮುಖ್ಯ ದಳ ಸೊಲ್ಲಾಪುರದಿಂದ ಹೊರಟು ನಳದುರ್ಗ, ಉಮರ್ಗಾ, ರಾಜೇಶ್ವರ, ಹುಮನಾಬಾದ್, ಜಹೀರಾಬಾದ್ ದಾರಿ ಹಿಡಿಯಿತು. 17ರಂದು ನಿಜಾಮರು ಸೋತೆವೆಂದು ರೇಡಿಯೋದಲ್ಲಿ ಹೇಳಿದರು. 18ರಂದು ಅವರ ಸೇನಾಪತಿ ಎಲ್ ಇದ್ರೂಸ್ ಮೇಜರ್ ಜನರಲ್ ಜೆ.ಎನ್. ಚೌಧುರಿಗೆ ಶರಣಾದರು.

ಇದನ್ನು ಯುದ್ಧ ಅನ್ನದೆ ಪೊಲೀಸ್ ಕಾರ್ಯಾಚರಣೆ ಅಂತ ಕರೆದದ್ದಕ್ಕೆ ಕಾರಣ ಇತ್ತು. ಹೈದರಾಬಾದ್ ಸರ್ಕಾರ ಆಗಸ್ಟ್‌ನಲ್ಲೇ ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ದೂರು ಕೊಟ್ಟಿತ್ತು. ಎರಡು ದೇಶಗಳ ಯುದ್ಧ ಅಂತ ಆದರೆ ಅದು ಜಗತ್ತಿನ ಪಂಚಾಯಿತಿಗೆ ಹೋಗುತ್ತೆ. ನಮ್ಮ ಮನೆಯ ಕಾನೂನು-ಸುವ್ಯವಸ್ಥೆ ವಿಷಯ ಅಂದರೆ ಹೋಗಲ್ಲ. ಜಾಣತನದ ಹೆಸರು. ತಕರಾರು ಹೆಸರಿಟ್ಟದ್ದಕ್ಕಲ್ಲ. ಹೆಸರು ಕೊಟ್ಟ ಮಾತನ್ನು ನೆಲದ ಮೇಲೆ ಉಳಿಸಿಕೊಂಡೆವಾ ಅನ್ನೋದು ಪ್ರಶ್ನೆ.

ಈ ಕಥೆಯ ಅಧಿಕೃತ ಧಾಟಿಯನ್ನು ಕಟ್ಟಿಕೊಟ್ಟ ಪುಸ್ತಕ ಅಂದರೆ ವಿ.ಪಿ. ಮೆನನ್ 1956ರಲ್ಲಿ ಪ್ರಕಟಿಸಿದ, ದೇಶೀ ಸಂಸ್ಥಾನಗಳ ವಿಲೀನದ ವೃತ್ತಾಂತ. ಮೆನನ್ ಸಂಸ್ಥಾನ ಇಲಾಖೆಯ ಕಾರ್ಯದರ್ಶಿ, ಪಟೇಲರ ಬಲಗೈ. ಹೈದರಾಬಾದಿಗೆ ಆ ಪುಸ್ತಕದಲ್ಲಿ ಮೂರು ಅಧ್ಯಾಯ ಸಿಕ್ಕಿವೆ. ಓದಲು ಚೆನ್ನಾಗಿದೆ. ಮೌಂಟ್‌ಬ್ಯಾಟನ್, ಲಾಯಕ್ ಅಲಿ, ಮಾಂಕ್ಟನ್ ಇವರ ನಡುವಿನ ಪತ್ರ, ಮಾತುಕತೆ, ಮುನಿಸು ಎಲ್ಲವೂ ದಿನಾಂಕದ ಸಮೇತ ಇದೆ. ಒಬ್ಬ ಅಧಿಕಾರಿ ತನ್ನ ಕಡತವನ್ನು ಎಷ್ಟು ಚೆನ್ನಾಗಿ ಬಲ್ಲ ಅನ್ನೋದಕ್ಕೆ ಅದೊಂದು ಪಾಠ. ಸೇನೆ ಗೆದ್ದ ಮೇಲೆ ಆಡಳಿತವನ್ನು ಹೇಗೆ ಮರುಜೋಡಿಸಲಾಯಿತು ಅನ್ನುವುದನ್ನೂ ಮೆನನ್ ಬರೆಯುತ್ತಾರೆ, ಬರೆದಿಲ್ಲ ಅಂದರೆ ಅನ್ಯಾಯವಾಗುತ್ತೆ.

ಆದರೆ ಆ ಬರಹ ನಿಂತಿರುವುದು ದೆಹಲಿಯ ಮೇಜಿನ ಮುಂದೆ. ಕಾರ್ಯಾಚರಣೆ ನಡೆದ ದಿನಗಳಲ್ಲಿ ದೇಶದ ಉದ್ದಗಲದಲ್ಲಿ ಒಂದೇ ಒಂದು ಕೋಮು ಘಟನೆ ನಡೆಯಲಿಲ್ಲ ಅಂತ ಅದು ಸಮಾಧಾನಪಟ್ಟುಕೊಳ್ಳುತ್ತೆ. ಅವರ ಆತಂಕ ಅರ್ಥವಾಗುವಂಥದ್ದೇ. ವಿಭಜನೆಯಾಗಿ ಒಂದೇ ವರ್ಷ ಕಳೆದಿತ್ತು, ಹೈದರಾಬಾದಿನ ಕಿಡಿ ಬೇರೆ ಕಡೆ ಹಾರಬಹುದು ಅನ್ನೋ ಭಯ ಎಲ್ಲರಿಗೂ ಇತ್ತು. ಕಿಡಿ ಹಾರಲಿಲ್ಲ, ನಿಜ. ಬೆಂಕಿ ಬಿದ್ದ ಮನೆಯಲ್ಲಿ ಏನಾಯ್ತು? ಗುಲ್ಬರ್ಗ, ಬೀದರ್, ಉಸ್ಮಾನಾಬಾದ್, ನಾಂದೇಡ್‌ನ ಆ ವಾರಗಳಿಗೆ ಅಲ್ಲಿ ಜಾಗ ಸಿಕ್ಕಿಲ್ಲ.

ಅದಕ್ಕೆ ಮೆನನ್ನರ ಪಕ್ಕದಲ್ಲಿಟ್ಟು ಓದಬೇಕಾದ್ದು ಇನ್ನೊಂದು ದಾಖಲೆ. ಪ್ರಧಾನಿ ನೆಹರೂ ಹೇಳಿ ಕಳಿಸಿದ ಪಂಡಿತ್ ಸುಂದರಲಾಲ್, ಖಾಜಿ ಅಬ್ದುಲ್ ಗಫಾರ್ ಮೊದಲಾದವರ ತಂಡ 1948ರ ನವೆಂಬರ್ 29ರಿಂದ ಡಿಸೆಂಬರ್ 21ರವರೆಗೆ ಸಂಸ್ಥಾನ ಸುತ್ತಿತು. ಹದಿನಾರು ಜಿಲ್ಲೆಗಳಲ್ಲಿ ಒಂಬತ್ತಕ್ಕೆ ಹೋಯಿತು. ಹೋಗಲಾಗದ 109 ಹಳ್ಳಿಗಳ ಐನೂರಕ್ಕೂ ಹೆಚ್ಚು ಜನರನ್ನು ಕರೆಸಿ ಮಾತಾಡಿಸಿತು. ಪೊಲೀಸ್ ಕಾರ್ಯಾಚರಣೆಯ ಸಮಯದಲ್ಲಿ ಮತ್ತು ನಂತರ ಸತ್ತವರು ಕಡಿಮೆ ಅಂದರೂ 27,000ದಿಂದ 40,000 ಅಂತ ಅವರ ಅಂದಾಜು. ಅತಿ ಹೆಚ್ಚು ಏಟು ತಿಂದದ್ದು ಉಸ್ಮಾನಾಬಾದ್, ಗುಲ್ಬರ್ಗ, ಬೀದರ್, ನಾಂದೇಡ್. ಈ ನಾಲ್ಕರಲ್ಲೇ 18,000ಕ್ಕೆ ಕಡಿಮೆ ಇಲ್ಲ ಅಂತ ವರದಿ ಹೇಳುತ್ತೆ. ಸತ್ತವರಲ್ಲಿ ಬಹುಪಾಲು ಮುಸ್ಲಿಮರು.

ಪಟೇಲರು ಈ ವರದಿಯನ್ನು ಒಪ್ಪಲಿಲ್ಲ. ದಶಕಗಟ್ಟಲೆ ಅದು ಪ್ರಕಟವಾಗಲಿಲ್ಲ. ಭಾಗಗಳು ಅಲ್ಲಲ್ಲಿ ಹೊರಬಿದ್ದವು, 2013ರ ಹೊತ್ತಿಗೆ ದೆಹಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ಓದಲು ಸಿಗುವಂತಾಯಿತು. ಅಂಕಿಯ ಬಗ್ಗೆ ಜಗಳ ಈಗಲೂ ಇದೆ, ಅಂದಾಜು ಅಂದಾಜೇ. ಆದರೆ ಈ ವರದಿಯನ್ನು ಬರೀ ಹೆಣದ ಲೆಕ್ಕಕ್ಕಾಗಿ ಓದುವುದು ಕೂಡ ಅರ್ಧ ಓದು ಅಂತಲೇ ನನಗನಿಸುತ್ತೆ.

ಯಾಕೆ ಅಂದರೆ, ಇದು ಆಡಳಿತ ಇಲ್ಲದ ಹೊತ್ತಿನಲ್ಲಿ ಊರುಗಳು ಹೇಗಿರುತ್ತವೆ ಅನ್ನೋದರ ವರದಿ. ಸೇನೆಯ ಶಿಸ್ತನ್ನು, ಜನರನ್ನು ಕಾಪಾಡಿದ ಅಧಿಕಾರಿಗಳನ್ನು ಅದು ಮೆಚ್ಚುತ್ತೆ. ಅದೇ ಉಸಿರಿನಲ್ಲಿ, ಕೆಲವು ಕಡೆ ಸೈನಿಕರು ಮತ್ತು ಸ್ಥಳೀಯ ಪೊಲೀಸರೇ ಲೂಟಿಯಲ್ಲಿ, ಬೇರೆ ಅಪರಾಧಗಳಲ್ಲಿ ಸೇರಿಕೊಂಡದ್ದಕ್ಕೆ ಅಲ್ಲಗಳೆಯಲಾಗದ ಸಾಕ್ಷಿ ಸಿಕ್ಕಿದೆ ಅಂತಲೂ ಹೇಳುತ್ತೆ. ಸೊಲ್ಲಾಪುರದ ಕಡೆಯಿಂದ ಬಂದ ಶಸ್ತ್ರಸಜ್ಜಿತ ಗುಂಪುಗಳ ಬಗ್ಗೆ ಹೇಳುತ್ತೆ. ಇನ್ನೊಂದು ಮಾತು ಇದೆ, ಅದನ್ನು ಎರಡೂ ಪಕ್ಷದವರು ಹೇಳುವುದಿಲ್ಲ: ಎಷ್ಟೋ ಕಡೆ ಹಿಂದೂ ನೇಕಾರರು ತಮ್ಮ ಜೊತೆಯ ಮುಸ್ಲಿಂ ನೇಕಾರರನ್ನು ಕಾಪಾಡಿದರು, ಕೆಲವರು ಅದಕ್ಕಾಗಿ ಪ್ರಾಣ ಕೊಟ್ಟರು. ಠಾಣೆ ಇಲ್ಲದಿದ್ದಾಗ ಮಗ್ಗ ಕಾಪಾಡಿತು. ಮಗ್ಗ ಇಲ್ಲದ ಊರಲ್ಲಿ?

ಈಗ ಯೋಚನೆ ಮಾಡಿ. ಟ್ಯಾಂಕ್ ಹೆದ್ದಾರಿ ಹಿಡಿದು ರಾಜಧಾನಿಗೆ ಹೋಗುತ್ತೆ. ಅದರ ಕೆಲಸ ಅದು. ಹುಮನಾಬಾದ್ ದಾಟಿತು ಅಂದರೆ ನಕಾಶೆಯಲ್ಲಿ ಹುಮನಾಬಾದ್ "ಬಂತು". ಆದರೆ ರಸ್ತೆಯಿಂದ ಹತ್ತು ಹರದಾರಿ ಒಳಗಿನ ಹಳ್ಳಿಯಲ್ಲಿ ಅವತ್ತು ರಾತ್ರಿ ಸರ್ಕಾರ ಅಂದರೆ ಯಾರು? ನಿಜಾಮನ ಪೊಲೀಸ್ ಅಮೀನ ಓಡಿಹೋಗಿದ್ದಾನೆ, ಇಲ್ಲಾ ಮನೆಯಲ್ಲಿ ಬಚ್ಚಿಟ್ಟುಕೊಂಡಿದ್ದಾನೆ. ರಜಾಕಾರರ ಕೈಯಲ್ಲಿ ನೊಂದವರ ಸಿಟ್ಟು ಇನ್ನೂ ಆರಿಲ್ಲ. ಆ ಸಿಟ್ಟು ಯಾರ ಮೇಲೆ ತೀರುತ್ತೆ? ಬಂದೂಕು ಹಿಡಿದವನು ಸಿಗದಿದ್ದರೆ ಅವನ ಜಾತಿಯವನ ಮೇಲೆ, ಕೈಲಿ ಏನೂ ಇಲ್ಲದ ಪಿಂಜಾರನ ಮೇಲೆ, ಕಸಾಯಿ ಮೇಲೆ. ಇಂಥ ಹೊತ್ತಿನಲ್ಲಿ ಬೇಕಾದದ್ದು ಠಾಣೆಯಲ್ಲಿ ದೂರು ಬರೆದುಕೊಳ್ಳುವ ಒಬ್ಬ, ಲೂಟಿಯಾದ ಮಾಲನ್ನು ಪಟ್ಟಿ ಮಾಡುವ ಒಬ್ಬ, ತಪ್ಪು ಮಾಡಿದವನನ್ನು ಹಿಡಿದು ಕೋರ್ಟಿಗೆ ಕೊಡುವ ಒಬ್ಬ. ನೊಂದವನಿಗೆ ನ್ಯಾಯ ಸಿಗುತ್ತೆ ಅನ್ನೋ ನಂಬಿಕೆ ಇದ್ದರೆ ಅವನು ಕೊಡಲಿ ಹುಡುಕಲ್ಲ. ಎಲ್ಲರೂ ಹಾಗಲ್ಲ, ಆದರೆ ಬಹಳ ಜನ.

ಇದು ಆಗಿನವರಿಗೆ ಹೊಳೆಯಲಿಲ್ಲ ಅಂತಲ್ಲ. ಸೇನೆಯ ಹಿಂದೆಯೇ ನಾಗರಿಕ ಆಡಳಿತ ಹೋಗಬೇಕು ಅನ್ನೋ ಯೋಜನೆ ಇತ್ತು. ಚೌಧುರಿ ಮಿಲಿಟರಿ ಗವರ್ನರ್ ಆದರೆ ಮುಂಬೈ ಪ್ರಾಂತ್ಯದ ಐಸಿಎಸ್ ಅಧಿಕಾರಿ ಡಿ.ಎಸ್. ಬಖಲೆ ಮುಖ್ಯ ನಾಗರಿಕ ಆಡಳಿತಗಾರರಾದರು. ಮುಂಬೈ, ಮದ್ರಾಸ್, ಮಧ್ಯಪ್ರಾಂತ್ಯಗಳಿಂದ ಅಧಿಕಾರಿಗಳನ್ನು, ಪೊಲೀಸರನ್ನು ಕರೆಸಲಾಯಿತು. ಆದರೆ ಸಂಸ್ಥಾನ ಅಂದರೆ ಸಣ್ಣದಲ್ಲ. 82,000 ಚದರ ಮೈಲಿ, 1941ರ ಗಣತಿಯಲ್ಲೇ 1.63 ಕೋಟಿ ಜನ, ಕನ್ನಡ, ಮರಾಠಿ, ತೆಲುಗು, ಉರ್ದು ನಾಲ್ಕು ಭಾಷೆ. ಸೇನೆಗೆ ತಿಂಗಳುಗಟ್ಟಲೆ ತಯಾರಿ ಆಗಿತ್ತು, ಗೆಲುವು ಐದು ದಿನದಲ್ಲಿ ಬಂತು. ಗೆಲುವಿನಷ್ಟು ವೇಗವಾಗಿ ಆಡಳಿತ ಹಳ್ಳಿ ಮುಟ್ಟಲಿಲ್ಲ. ಸಾಫ್ಟ್‌ವೇರ್ ಕೆಲಸದಲ್ಲಿರೋರಿಗೆ ಗೊತ್ತಿರುತ್ತೆ: ರಿಲೀಸ್ ದಿನಕ್ಕೆ ಇಡೀ ಟೀಮ್ ಹಾಜರು, ಮಾರನೇ ಬೆಳಿಗ್ಗೆಯ ಸಪೋರ್ಟಿಗೆ ಯಾರು ಅಂತ ಕೇಳಿದರೆ ಮೌನ. ಅಲ್ಲಿ ಹೋಗುವುದು ಗ್ರಾಹಕರು, ಇಲ್ಲಿ ಹೋದದ್ದು ಜೀವ.

ಹಾಗಂತ ಆ ನಾಗರಿಕ ಆಡಳಿತ ಏನೂ ಮಾಡಲಿಲ್ಲ ಅಂದರೆ ಅದೂ ಸುಳ್ಳು. ಅವರು ಮಾಡಿದ್ದರಲ್ಲಿ ಕೆಲವು ನಿಜಕ್ಕೂ ದೊಡ್ಡವು, ಅವನ್ನೂ ನಾವು ಸಂಭ್ರಮಿಸುವುದಿಲ್ಲ ಅನ್ನೋದು ನನ್ನ ಇನ್ನೊಂದು ದೂರು. 1949ರ ಆರಂಭದಲ್ಲಿ ನಿಜಾಮರ ಖಾಸಗಿ ಜಮೀನಾದ ಸರ್ಫೆ ಖಾಸ್ ಸರ್ಕಾರಕ್ಕೆ ಬಂತು. ಅದೇ ವರ್ಷ ಜಾಗೀರುಗಳು ರದ್ದಾದವು. ಆ ಕಾಯಿದೆಯ ಹೆಸರು ನೋಡಿ: ಜಾಗೀರು ರದ್ದತಿ ರೆಗ್ಯುಲೇಶನ್, 1358 ಫಸಲಿ. ನಿಜಾಮಶಾಹಿಯ ಬೇರು ಕೀಳುವ ಕಾನೂನಿಗೆ ನಿಜಾಮಶಾಹಿಯ ಕಂದಾಯ ಪಂಚಾಂಗದ್ದೇ ಇಸವಿ! ಹಾಲಿ ಸಿಕ್ಕಾ ರೂಪಾಯಿಯೂ ರಾತ್ರೋರಾತ್ರಿ ಹೋಗಲಿಲ್ಲ, ಇನ್ನೂ ಕೆಲವು ವರ್ಷ ಸಂತೆಯಲ್ಲಿ ಓಡಾಡಿತು. 1950ರಲ್ಲಿ ಗೇಣಿದಾರರಿಗೆ ರಕ್ಷಣೆ ಕೊಡುವ ಕಾಯಿದೆ ಬಂತು. ನಿಜಾಮರನ್ನೇ 1950ರ ಜನವರಿ 26ರಂದು ರಾಜಪ್ರಮುಖರನ್ನಾಗಿ ಕೂರಿಸಲಾಯಿತು.

ಇದನ್ನು ರಾಜಿ ಅಂತ ಬೈದವರು ಇದ್ದಾರೆ. ಆದರೆ ಇರಾಕನ್ನು ಪಕ್ಕದಲ್ಲಿಟ್ಟು ನೋಡಿ. 2003ರ ಏಪ್ರಿಲ್ 9ರಂದು ಬಾಗ್ದಾದ್ ಬಿತ್ತು. ಮುಂದಿನ ಕೆಲವೇ ದಿನಗಳಲ್ಲಿ ರಾಷ್ಟ್ರೀಯ ವಸ್ತುಸಂಗ್ರಹಾಲಯ ಲೂಟಿಯಾಯಿತು, ಕಾಯೋರು ಇರಲಿಲ್ಲ. ಮೇ ತಿಂಗಳಲ್ಲಿ ಅಮೆರಿಕದ ಆಡಳಿತಗಾರ ಪಾಲ್ ಬ್ರೆಮರ್ ಎರಡು ಆದೇಶ ಹೊರಡಿಸಿದರು. ಒಂದರಲ್ಲಿ ಬಾತ್ ಪಕ್ಷದ ಮೇಲಿನ ಹಂತದವರೆಲ್ಲ ಸರ್ಕಾರಿ ಕೆಲಸದಿಂದ ಹೊರಗೆ, ಇನ್ನೊಂದರಲ್ಲಿ ಇಡೀ ಸೈನ್ಯವೇ ವಿಸರ್ಜನೆ. ಮೇಷ್ಟ್ರು, ಇಂಜಿನಿಯರು, ಸಿಪಾಯಿ ಎಲ್ಲ ಬೀದಿಗೆ ಬಿದ್ದರು, ಬಂದೂಕು ಮನೆಗೆ ಒಯ್ದರು. ಮುಂದೆ ಆದದ್ದು ಜಗತ್ತಿಗೇ ಗೊತ್ತು. ಹೈದರಾಬಾದಿನಲ್ಲಿ ಹಳೆಯ ಕಚೇರಿಯನ್ನು ಪೂರ್ತಿ ಒಡೆಯದೆ, ಅದರ ಪಂಚಾಂಗ, ಅದರ ನಾಣ್ಯ, ಅದರ ಸಿಂಹಾಸನವನ್ನೂ ಇಟ್ಟುಕೊಂಡು ಒಳಗಿನದನ್ನು ನಿಧಾನಕ್ಕೆ ಬದಲಿಸಿದರು. ಬೇಸರದ ಕೆಲಸ. ಅದರ ಮೇಲೆ ಯಾರೂ ಸಿನಿಮಾ ತೆಗೆಯಲ್ಲ.

ಮೇಲಿನ ಸಿಂಹಾಸನ ಉಳಿಯಿತು, ಕೆಳಗಿನ ಕುರ್ಚಿಗಳ ಕಥೆ ಬೇರೆ. ಅಲ್ಲಿ ಈ ಆಡಳಿತ ಎಡವಿತು. ಸಾವಿರಾರು ಜನರನ್ನು ರಜಾಕಾರರು ಅಂತ ಹಿಡಿದು ಒಳಗೆ ಹಾಕಿದರು, ತಪ್ಪು ಮಾಡಿದವನಿಗೂ ಬರೀ ಹೆಸರಿಗೂ ವ್ಯತ್ಯಾಸ ಕಾಣಲು ತಿಂಗಳುಗಳೇ ಹಿಡಿದವು. ಉರ್ದು ಆಡಳಿತ ಭಾಷೆಯ ಪಟ್ಟದಿಂದ ಇಳಿದಾಗ, ಉರ್ದುವಿನಲ್ಲೇ ಓದಿ ಬರೆದ ಕಾರಕೂನ ಒಂದೇ ದಿನದಲ್ಲಿ ಅನಕ್ಷರಸ್ಥನಾದ. ಅವರಲ್ಲಿ ಮುಸ್ಲಿಮರು ಮಾತ್ರ ಇರಲಿಲ್ಲ, ಉರ್ದು ಕಲಿತಿದ್ದ ನಮ್ಮ ಕುಲಕರ್ಣಿ, ಪಾಟೀಲರ ಮಕ್ಕಳೂ ಇದ್ದರು. ಹೊರಗಿನಿಂದ ಬಂದ ಅಧಿಕಾರಿಗೆ ಊರಿನ ಭಾಷೆ ಗೊತ್ತಿಲ್ಲ, ಊರಿನವನಿಗೆ ಕಚೇರಿಯ ಹೊಸ ಭಾಷೆ ಗೊತ್ತಿಲ್ಲ. ಇತಿಹಾಸಕಾರ್ತಿ ಟೇಲರ್ ಶೆರ್ಮನ್ ಹೈದರಾಬಾದಿನ ವಿಲೀನದ ಬಗ್ಗೆ ಬರೆದಾಗ ಯುದ್ಧದ ಐದು ದಿನಕ್ಕಿಂತ ಈ ವರ್ಷಗಳನ್ನೇ ಹೆಚ್ಚು ಅಗೆದದ್ದು ಸುಮ್ಮನೆ ಅಲ್ಲ.

ಅಸಮಾಧಾನ ಸ್ಫೋಟವಾದದ್ದು 1952ರಲ್ಲಿ. ಹೊತ್ತಿಗೆ ಚೌಧುರಿ ಹೋಗಿ, 1950ರ ಜನವರಿಯಿಂದ ಐಸಿಎಸ್ ಅಧಿಕಾರಿ ಎಂ.ಕೆ. ವೆಳ್ಳೋಡಿ ಮುಖ್ಯಮಂತ್ರಿಯಾಗಿ, ಮೊದಲ ಚುನಾವಣೆ ಮುಗಿದು ಬೂರ್ಗುಲ ರಾಮಕೃಷ್ಣ ರಾವ್ ಅವರ ಸರ್ಕಾರ ಬಂದಿತ್ತು. ಸ್ವಾಮಿ ರಮಾನಂದ ತೀರ್ಥರು ನಮ್ಮ ಗುಲ್ಬರ್ಗದಿಂದಲೇ ಲೋಕಸಭೆಗೆ ಗೆದ್ದಿದ್ದರು. ಆದರೂ ಆ ವರ್ಷ "ನಾನ್-ಮುಲ್ಕಿ ಗೋ ಬ್ಯಾಕ್" ಅಂತ ವಿದ್ಯಾರ್ಥಿಗಳು ಬೀದಿಗಿಳಿದರು, ಹೈದರಾಬಾದಿನಲ್ಲಿ ಗೋಲಿಬಾರ್ ಆಯಿತು. ಮುಲ್ಕಿ ಅಂದರೆ ಈ ನೆಲದವನು. ನಮ್ಮ ಕೆಲಸ ನಮಗೆ ಕೊಡಿ ಅನ್ನೋದು ಅಷ್ಟೇ ಬೇಡಿಕೆ. 371ಜೆ ಕಲಂಗಾಗಿ ನಮ್ಮ ಭಾಗದವರು ಎರಡು ದಶಕ ಹೋರಾಡಿ, 2012ರಲ್ಲಿ ಸಂಸತ್ತಿನಿಂದ ಪಡೆದ ಮೀಸಲಾತಿಯ ಹಿಂದೆ ಇರುವುದೂ ಅದೇ ಮಾತಲ್ವಾ? ನಮ್ಮ ಕಚೇರಿಯಲ್ಲಿ ನಮ್ಮವನು ಕೂತಿರಬೇಕು, ನಮ್ಮ ಮಾತು ಅವನಿಗೆ ತಿಳೀಬೇಕು.

ಹೀಗಿರುವಾಗ ಸೆಪ್ಟೆಂಬರ್ 17ರ ನಮ್ಮ ಆಚರಣೆಯನ್ನು ಮತ್ತೆ ನೋಡಿ. ಸರ್ದಾರ್ ಪಟೇಲ್ ಪ್ರತಿಮೆಗೆ ಹಾರ, ಧ್ವಜಾರೋಹಣ, ಭಾಷಣ. ಹೆಸರು ಬದಲಾಗ್ತಾ ಇದೆ: ಹೈದರಾಬಾದ್ ಕರ್ನಾಟಕ ವಿಮೋಚನಾ ದಿನ ಇದ್ದದ್ದು 2019ರಿಂದ ಕಲ್ಯಾಣ ಕರ್ನಾಟಕ ಉತ್ಸವ. ಗಡಿಯಾಚೆ ಮರಾಠವಾಡಾ ಮುಕ್ತಿಸಂಗ್ರಾಮ ದಿನ. ತೆಲಂಗಾಣದಲ್ಲಂತೂ ಸರ್ಕಾರಕ್ಕೊಂದು ಹೆಸರು: ಒಬ್ಬರಿಗೆ ಸಮೈಕ್ಯತಾ ದಿನ, ಇನ್ನೊಬ್ಬರಿಗೆ ವಿಮೋಚನಾ ದಿನ, ಮತ್ತೊಬ್ಬರಿಗೆ ಪ್ರಜಾಪಾಲನಾ ದಿನ. ಮುಕ್ತಿಯೋ ವಿಲೀನವೋ ಅಂತ ಟಿವಿಯಲ್ಲಿ ಒಂದು ತಾಸು ಕಿತ್ತಾಟ. ಒಂದು ಪಂಗಡ ಗೋರಟಾ ಮಾತ್ರ ಹೇಳುತ್ತೆ, ಸುಂದರಲಾಲ್ ಹೆಸರೆತ್ತಿದರೆ ದೇಶದ್ರೋಹಿ ಅನ್ನುತ್ತೆ. ಇನ್ನೊಂದು ಸುಂದರಲಾಲ್ ಮಾತ್ರ ಹೇಳುತ್ತೆ, ರಜಾಕಾರರ ಹಾವಳಿ ಬಂದಾಗ ಗಂಟಲು ಸರಿಮಾಡಿಕೊಳ್ಳುತ್ತೆ. ಗೋರಟಾದವರನ್ನು ಕಾಪಾಡದೇ ಇದ್ದದ್ದೂ ಒಂದು ಸರ್ಕಾರವೇ, ನಾಲ್ಕು ತಿಂಗಳ ನಂತರ ಇನ್ನೊಂದು ಕಡೆಯವರನ್ನು ಕಾಪಾಡದೇ ಇದ್ದದ್ದೂ ಒಂದು ಸರ್ಕಾರವೇ. ಎರಡೂ ಕಡೆ ಸತ್ತವರು ಕಾದದ್ದು ಒಬ್ಬ ನೆಟ್ಟಗಿನ ಪೊಲೀಸನಿಗೆ. ಈ ಮಾತು ಎರಡೂ ಭಾಷಣಗಳಲ್ಲಿ ಇಲ್ಲ.

ಇದೇ ನನ್ನ ಮುಖ್ಯ ಟೀಕೆ. ನಾವು ಸೈನ್ಯವನ್ನು ನೆನೆಯುವುದು ತಪ್ಪಲ್ಲ, ಅವರು ಬರದಿದ್ದರೆ ಏನಾಗುತ್ತಿತ್ತು ಅನ್ನೋದು ನಮ್ಮ ಅಜ್ಜ-ಅಜ್ಜಿಯರಿಗೆ ಗೊತ್ತಿತ್ತು. ಆದರೆ ಸೈನ್ಯವನ್ನು ಮಾತ್ರ ನೆನೆದಾಗ ಒಂದು ಅಭ್ಯಾಸ ಬೀಳುತ್ತೆ. ಎಲ್ಲಿ ಗಲಾಟೆಯಾದರೂ "ಮಿಲಿಟರಿ ಕರೆಸಿ, ಎರಡು ದಿನದಲ್ಲಿ ನೆಟ್ಟಗಾಗ್ತಾರೆ" ಅಂತ ಬಾಯಿಗೆ ಬರುತ್ತೆ. ಮೂರನೇ ದಿನ ಯಾರು ಇರ್ತಾರೆ ಅಂತ ಕೇಳುವ ಅಭ್ಯಾಸ ತಪ್ಪಿಹೋಗುತ್ತೆ. ಕಾಶ್ಮೀರದ ಬಗ್ಗೆ, ಮಣಿಪುರದ ಬಗ್ಗೆ ಆಫೀಸಿನ ಕ್ಯಾಂಟೀನಿನಲ್ಲಿ ನಾವಾಡುವ ಮಾತು ಒಮ್ಮೆ ನೆನಪಿಸಿಕೊಳ್ಳಿ.

ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದರೆ ನಡುವೆ ಕಮಲಾಪುರ ಸಿಗುತ್ತೆ. ಕೆಂಪು ಬಾಳೆಹಣ್ಣಿಗೆ ಹೆಸರಾದ ಊರು, ನಿಲ್ಲಿಸಿ ಒಂದು ಡಜನ್ ಒಯ್ಯದ ಕಾರು ಕಡಿಮೆ. 1948ರ ಸೆಪ್ಟೆಂಬರಿನಲ್ಲಿ ಸೇನೆ ಹುಮನಾಬಾದ್ ಮುಟ್ಟಲು ಮೂರು-ನಾಲ್ಕು ದಿನ ಹಿಡಿಯಿತು. ಕಮಲಾಪುರ ತಾಲ್ಲೂಕಾಗಿ ಅಲ್ಲಿಗೆ ತನ್ನದೇ ತಹಶೀಲ್ದಾರರು ಬರಲು 2018ರ ತನಕ, ಅಂದರೆ ಎಪ್ಪತ್ತು ವರ್ಷ ಬೇಕಾಯಿತು. ಪಹಣಿ ತಿದ್ದಿಸೋಕೆ, ಪೆನ್ಷನ್ ಅರ್ಜಿ ಕೊಡೋಕೆ ಕಲಬುರಗಿಗೆ ಬಸ್ ಹತ್ತಬೇಕಿದ್ದ ಮುದುಕಿಗೆ ಅದು ಸಣ್ಣ ವಿಷಯ ಅಲ್ಲ. 2002ರ ನಂಜುಂಡಪ್ಪ ವರದಿ ರಾಜ್ಯದಲ್ಲಿ ಅತ್ಯಂತ ಹಿಂದುಳಿದ ತಾಲ್ಲೂಕು ಅಂತ ಗುರುತಿಸಿದ 39ರಲ್ಲಿ 21 ನಮ್ಮ ಗುಲ್ಬರ್ಗ ವಿಭಾಗದವು. 1948ರಲ್ಲಿ ಶುರುವಾದ ಕೆಲಸದ ಬಾಕಿ ಲೆಕ್ಕ ಇದು.

ಮುಂದಿನ ಸೆಪ್ಟೆಂಬರ್ 17ಕ್ಕೆ ಗ್ರೂಪಿನಲ್ಲಿ ಟ್ಯಾಂಕಿನ ವಿಡಿಯೋ ಬಂದೇ ಬರುತ್ತೆ, ನೋಡಿ, ತಪ್ಪೇನಿಲ್ಲ. ಜೊತೆಗೆ ಮನೆಯ ಹಿರಿಯರು ಯಾರಾದರೂ ಇದ್ದರೆ ಒಂದು ಮಾತು ಕೇಳಿ ಇಟ್ಟುಕೊಳ್ಳಿ: "ಅಜ್ಜಾ, ಮಿಲಿಟರಿ ಹೋದ ಮ್ಯಾಲೆ ಊರಾಗ ಯಾರಿದ್ರು? ಠಾಣಾ ಯಾವಾಗ ತೆರೀತು?" ಆ ಉತ್ತರ ಯಾವ ಪುಸ್ತಕದಲ್ಲೂ ಇಲ್ಲ, ಹೇಳೋರು ದಿನದಿನಕ್ಕೆ ಕಡಿಮೆ ಆಗ್ತಿದ್ದಾರೆ.